ಮೂವತ್ತೊಂದನೇ ಸಲ ಎವರೆಸ್ಟ್

2025 ಮೇ 29, ಗುರುವಾರ
ಮೈಸೂರು

ನೇಪಾಳದ ಪರ್ವತ ಗೈಡ್ ಕಾಮಿ ರೀಟಾ ಶೆರ್ಪಾ ಮೊನ್ನೆ ಮಂಗಳವಾರ 31ನೇ ಸಲ ಎವರೆಸ್ಟ್ ತುದಿ ಮುಟ್ಟಿದ್ದಾರೆ. ಈ ಸಲ ಭಾರತೀಯ ಸೇನೆಯ ತಂಡವನ್ನು ಕರೆದುಕೊಂಡು ಹೋಗಿದ್ದರು. ವಯಸ್ಸು 55. ಊಟದ ಹೊತ್ತಿಗೆ ಆಫೀಸಿನಲ್ಲಿ ಇದೇ ಮಾತು. ಪಕ್ಕದ ಸೀಟಿನ ಹುಡುಗ ಕೇಳಿದ: "ಸರ್, ಒಂದ್ಸಲ ನೋಡಿದ್ಮೇಲೆ ಮತ್ತೆ ಮತ್ತೆ ನೋಡೋಕೆ ಅಲ್ಲೇನಿದೆ?"

ನಗು ಬಂತು. ಆದರೆ ಚಾರ್ಮಾಡಿ ಘಾಟಿಯಲ್ಲಿ ದಿನಾ ಬಸ್ ಓಡಿಸುವ ಡ್ರೈವರನ್ನು ನಾವು ಹೀಗೆ ಕೇಳುತ್ತೇವಾ? ಕಾಮಿ ರೀಟಾ ಅವರಿಗೆ ಅದು ಉದ್ಯೋಗ. ದಾಖಲೆಗೆ ಅಂತ ಹತ್ತಿದ್ದಲ್ಲ, ಕೆಲಸ ಮಾಡ್ತಾ ಮಾಡ್ತಾ ಆಯಿತು ಎಂದು ಅವರೇ ಎಷ್ಟೋ ಸಲ ಹೇಳಿದ್ದಾರೆ. ಊರು ಥಾಮೆ. ಅಪ್ಪನೂ ಇದೇ ಕೆಲಸದಲ್ಲಿದ್ದವರು. 21 ಸಲ ಹತ್ತಿದ ಆಪಾ ಶೆರ್ಪಾ ಅದೇ ಊರಿನವರು, ತೇನ್‌ಸಿಂಗ್ ನೋರ್ಗೆ ಬೆಳೆದದ್ದೂ ಅಲ್ಲೇ. ಒಂದು ಸಣ್ಣ ಹಳ್ಳಿ ನೋಡಿ! ಕಳೆದ ಆಗಸ್ಟ್‌ನಲ್ಲಿ ಮೇಲಿನ ಹಿಮದ ಕೆರೆ ಒಡೆದು ಅದೇ ಥಾಮೆಗೆ ನೀರು ನುಗ್ಗಿತ್ತು. ಆ ಸುದ್ದಿ ನಮ್ಮಲ್ಲಿ ಎಷ್ಟು ಜನ ಓದಿದರೋ.

ಕಾಮಿ ರೀಟಾ ಮೊದಲ ಸಲ ತುದಿ ಮುಟ್ಟಿದ್ದು 1994ರಲ್ಲಿ. 2019, 2023, 2024ರಲ್ಲಿ ಒಂದೇ ತಿಂಗಳಲ್ಲಿ ಎರಡೆರಡು ಸಲ ಹೋಗಿಬಂದರು. 31 ಅಂತ ಲೆಕ್ಕ ಸಿಗುವುದು ತುದಿಯದ್ದು ಮಾತ್ರ. ಬೇಸ್ ಕ್ಯಾಂಪಿನಿಂದ ಹೊರಟ ಕೂಡಲೇ ಖುಂಬು ಐಸ್‌ಫಾಲ್, ಅಂದರೆ ಇಳಿಜಾರಿನಲ್ಲಿ ಒಡೆದು ನಿಂತ ಹಿಮನದಿ, ಎದುರಾಗುತ್ತದೆ. ಮನೆಯಷ್ಟು ದೊಡ್ಡ ಮಂಜುಗಡ್ಡೆಗಳು, ನಡುವೆ ಬಿರುಕು, ಬಿರುಕಿನ ಮೇಲೆ ಅಲ್ಯೂಮಿನಿಯಂ ಏಣಿ. ಬಿಸಿಲಿಗೆ ಮಂಜು ಸಡಿಲವಾಗುವ ಮೊದಲೇ ದಾಟಬೇಕೆಂದು ನಡುರಾತ್ರಿ ಹೊರಡುತ್ತಾರೆ. ದುಡ್ಡು ಕೊಟ್ಟು ಬಂದವರು ಅದನ್ನು ಕೆಲವು ಸಲ ದಾಟಿದರೆ ಮುಗಿಯಿತು. ಟೆಂಟು, ಆಕ್ಸಿಜನ್ ಸಿಲಿಂಡರು, ಹಗ್ಗ, ಅಡುಗೆ ಸಾಮಾನು ಹೊರುವ ಶೆರ್ಪಾಗಳಿಗೆ ಅದು ಮತ್ತೆ ಮತ್ತೆ ತಪ್ಪಿದ್ದಲ್ಲ. 2014ರ ಏಪ್ರಿಲ್ 18ರಂದು ಅಲ್ಲೇ ಹಿಮ ಕುಸಿದು 16 ಜನ ಸತ್ತರು. ಎಲ್ಲರೂ ನೇಪಾಳದ ಕೆಲಸಗಾರರು.

ನನ್ನ ಮನಸ್ಸಿನಲ್ಲಿ ಮೊದಲಿಂದ ಕೂತಿರುವವರು ಬಾಬು ಚಿರಿ ಶೆರ್ಪಾ. 1999ರ ಮೇನಲ್ಲಿ ಈ ಮನುಷ್ಯ ತುದಿಗೆ ಹೋಗಿ ಪುಟ್ಟ ಟೆಂಟ್ ಹಾಕಿ 21 ಗಂಟೆ ಅಲ್ಲೇ ಇದ್ದರು. ಸಿಲಿಂಡರ್ ಆಕ್ಸಿಜನ್ ಇಲ್ಲದೆ! ಸಮುದ್ರ ಮಟ್ಟದಲ್ಲಿ ನಮಗೆ ಸಿಗುವ ಆಮ್ಲಜನಕದ ಮೂರನೇ ಒಂದು ಭಾಗ ಮಾತ್ರ ಅಲ್ಲಿ ಸಿಗುವುದು. ಹೆಚ್ಚಿನವರು ಫೋಟೋ ತೆಗೆಸಿಕೊಂಡು ಅರ್ಧ ಗಂಟೆಯೊಳಗೆ ಇಳಿಯುವ ಜಾಗ. ಅಲ್ಲಿ ನಿದ್ದೆ ಬಂದರೆ ಏಳುವ ನಂಬಿಕೆಯಿಲ್ಲ. ಅದಕ್ಕೇ ರೇಡಿಯೋದಲ್ಲಿ ಕೆಳಗಿನವರ ಜೊತೆ ಮಾತಾಡುತ್ತಾ, ಹಾಡು ಹೇಳುತ್ತಾ ರಾತ್ರಿ ಕಳೆದರು. ಮರುವರ್ಷ ಬೇಸ್ ಕ್ಯಾಂಪಿನಿಂದ ತುದಿಗೆ 16 ಗಂಟೆ 56 ನಿಮಿಷದಲ್ಲಿ ಹತ್ತಿದರು. ತನ್ನೂರಿನ ಕಡೆ ಶಾಲೆ ಕಟ್ಟಿಸಬೇಕು ಅನ್ನುವುದು ಅವರ ಆಸೆ. ತಾವು ಶಾಲೆಗೆ ಹೋದವರಲ್ಲ. 2001ರ ಏಪ್ರಿಲ್ 29ರಂದು ಎರಡನೇ ಕ್ಯಾಂಪಿನ ಹತ್ತಿರ ಫೋಟೋ ತೆಗೆಯುತ್ತಾ ಬಿರುಕಿಗೆ ಬಿದ್ದು ತೀರಿಕೊಂಡರು. ಇಡೀ ರಾತ್ರಿ ತುದಿಯಲ್ಲಿ ಕೂತು ಬಂದವರು ಹೋದದ್ದು ಅಷ್ಟೇನೂ ಕಷ್ಟವಲ್ಲದ ಜಾಗದಲ್ಲಿ.

ಇನ್ನೊಬ್ಬರು ಆಂಗ್ ರೀಟಾ. 'ಹಿಮ ಚಿರತೆ' ಅಂತಲೇ ಹೆಸರಾದವರು. 1978ರ ಮೇ 8ರಂದು ಯುರೋಪಿನ ಪರ್ವತಾರೋಹಿಗಳಾದ ಮೆಸ್ನರ್, ಹಾಬೆಲರ್ ಇಬ್ಬರೂ ಆಕ್ಸಿಜನ್ ಇಲ್ಲದೆ ಹತ್ತಿ ತೋರಿಸುವ ತನಕ, ಹಾಗೆ ಹೋದರೆ ಮೆದುಳು ಕೆಡುತ್ತದೆ ಎಂದು ಹೆದರಿಸುತ್ತಿದ್ದವರೇ ಜಾಸ್ತಿ. ಆಂಗ್ ರೀಟಾ 1983ರಿಂದ 1996ರೊಳಗೆ ಹಾಗೆ 10 ಸಲ ಹತ್ತಿದರು. ಅದರಲ್ಲಿ ಒಂದು 1987ರ ಡಿಸೆಂಬರ್ 22ರಂದು, ಕಡು ಚಳಿಗಾಲದಲ್ಲಿ. ನನ್ನನ್ನು ಕೇಳಿದರೆ 31ಕ್ಕಿಂತ ಈ 10 ದೊಡ್ಡದು. ಕಾಮಿ ರೀಟಾ ಅವರ ಸಾಧನೆ ಕಡಿಮೆ ಅಂತ ಅಲ್ಲ. ಇವು ಎರಡು ಬೇರೆ ಬೇರೆ ಸಂಗತಿ, ಒಂದೇ ಪಟ್ಟಿಯಲ್ಲಿ ಹಾಕಬಾರದು ಅಷ್ಟೇ.

ಮಹಿಳೆಯರಲ್ಲಿ ಲಾಕ್ಪಾ ಶೆರ್ಪಾ 10 ಸಲ ಹತ್ತಿದ್ದಾರೆ, ಕೊನೆಯದು 2022ರಲ್ಲಿ. ಅಮೆರಿಕದಲ್ಲಿ ಪಾತ್ರೆ ತೊಳೆಯುವ ಕೆಲಸ ಮಾಡುತ್ತಾ ಮಕ್ಕಳನ್ನು ಸಾಕಿದವರು. ಹೋದ ವರ್ಷ ಫುಂಜೋ ಲಾಮಾ 14 ಗಂಟೆ 31 ನಿಮಿಷದಲ್ಲಿ ಹತ್ತಿ ಮಹಿಳೆಯರಲ್ಲೇ ವೇಗದ ದಾಖಲೆ ಮಾಡಿದರು. ನಮ್ಮ ಅಂಶು ಜಾಮ್‌ಸೆನ್‌ಪಾ 2017ರಲ್ಲಿ ಐದೇ ದಿನದ ಅಂತರದಲ್ಲಿ ಎರಡು ಸಲ ತುದಿ ಮುಟ್ಟಿದ್ದು ನೆನಪಿದೆ ಅಲ್ವಾ? ಮೇಲೆ ಹೋಗಿ ಬಂದವರು ವಾರಗಟ್ಟಲೆ ಮಲಗುತ್ತಾರೆ. ಇವರು ತಿರುಗಿ ಹೊರಟರು.

ಗಡಿಯಾರದ ದಾಖಲೆಗಳಲ್ಲಿ ಜಗಳವೂ ಇದೆ. 2003ರಲ್ಲಿ ಪೆಂಬಾ ದೋರ್ಜೆ 12 ಗಂಟೆ 45 ನಿಮಿಷದಲ್ಲಿ ಹತ್ತಿದರು. ಕೆಲವೇ ದಿನಗಳಲ್ಲಿ ಲಾಕ್ಪಾ ಗೆಲು 10 ಗಂಟೆ 56 ನಿಮಿಷಕ್ಕೆ ಇಳಿಸಿದರು. ಮರುವರ್ಷ ಪೆಂಬಾ ದೋರ್ಜೆ 8 ಗಂಟೆ 10 ನಿಮಿಷ ಎಂದರು. ಅಷ್ಟು ಬೇಗವಾ ಎಂದು ಹುಬ್ಬೇರಿಸಿದವರು ಬಹಳ. ವಿಷಯ ಕೋರ್ಟಿಗೆ ಹೋಗಿ, ಸಾಕ್ಷಿ ಸಾಲದು ಅಂತ 2017ರಲ್ಲಿ ಆ ದಾಖಲೆ ಬಿದ್ದುಹೋಯಿತು. ತುದಿಯಲ್ಲಿ ಅಂಪೈರ್ ಇರುವುದಿಲ್ಲ. ಫೋಟೋ, ಜೊತೆಗಿದ್ದವರ ಮಾತು, ಇಷ್ಟೇ ಆಧಾರ. ಫೋಟೋವನ್ನೇ ತಿದ್ದಿ ಸರ್ಟಿಫಿಕೇಟು ಪಡೆದು, ಆಮೇಲೆ ಸಿಕ್ಕಿಬಿದ್ದ ಭಾರತದವರೂ ಇದ್ದಾರೆ. ನಾಚಿಕೆಗೇಡು.

ಹಿಂದೆ ಕಠ್ಮಂಡುವಿನಲ್ಲಿ ಎಲಿಜಬೆತ್ ಹಾಲಿ ಇದ್ದರು. ಅಮೆರಿಕದ ಪತ್ರಕರ್ತೆ, 1960ರಲ್ಲಿ ಬಂದು ಅಲ್ಲೇ ಉಳಿದವರು. ತಾವು ಒಂದು ಶಿಖರವನ್ನೂ ಹತ್ತಲಿಲ್ಲ. ಯಾರೇ ಹತ್ತಿ ಬರಲಿ, ಹೋಟೆಲಿಗೆ ಹೋಗಿ ಕೂರಿಸಿಕೊಂಡು ಯಾವ ದಾರಿ, ಎಷ್ಟು ಹೊತ್ತಿಗೆ, ಮೇಲೆ ಏನು ಕಂಡಿತು ಅಂತ ಕೇಳಿ ಬರೆದಿಡುವರು. ದೊಡ್ಡ ದೊಡ್ಡ ಪರ್ವತಾರೋಹಿಗಳೂ ಆಕೆಯ ಪ್ರಶ್ನೆಗೆ ಬೆವರುತ್ತಿದ್ದರಂತೆ. 2018ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು.

ಈ ತಿಂಗಳ ಇನ್ನೊಂದು ಸುದ್ದಿ ನನಗೆ ಯಾಕೋ ಹಿಡಿಸಲಿಲ್ಲ. ಬ್ರಿಟನ್ನಿನ ನಾಲ್ವರು ಮೊದಲೇ ಕ್ಸೆನಾನ್ ಅನಿಲ ಉಸಿರಾಡಿ, ಮನೆಯಲ್ಲೇ ಆಮ್ಲಜನಕ ಕಡಿಮೆಯಿರುವ ಟೆಂಟಿನಲ್ಲಿ ಮಲಗಿ ಅಭ್ಯಾಸ ಮಾಡಿಕೊಂಡು, ಲಂಡನ್ ಬಿಟ್ಟ ಐದು ದಿನದೊಳಗೆ ತುದಿಯಲ್ಲಿದ್ದರು. ಸಾಮಾನ್ಯವಾಗಿ ದೇಹವನ್ನು ಅಲ್ಲಿನ ಗಾಳಿಗೆ ಒಗ್ಗಿಸುವುದಕ್ಕೇ ವಾರಗಳು ಬೇಕು. ಕಸ ಕಡಿಮೆಯಾಗುತ್ತದೆ, ಅಪಾಯದ ದಿನಗಳು ಕಡಿಮೆಯಾಗುತ್ತವೆ ಎನ್ನುವುದು ಅವರನ್ನು ಕರೆದುಕೊಂಡು ಹೋದವರ ವಾದ. ಸುಳ್ಳಲ್ಲ ಇರಬಹುದು. ಆದರೆ ಏಣಿ ಕಟ್ಟಿ, ಹಗ್ಗ ಬಿಗಿದು, ಸಿಲಿಂಡರ್ ಹೊತ್ತು ಮೇಲಿಟ್ಟವರು ಐದು ದಿನದಲ್ಲಿ ಆ ಕೆಲಸ ಮುಗಿಸಿಲ್ಲ. ಅವರು ಮಾರ್ಚ್, ಏಪ್ರಿಲ್‌ನಿಂದಲೇ ಬೆಟ್ಟದಲ್ಲಿದ್ದಾರೆ.

ಪಾಸಾಂಗ್ ದಾವಾ ಎನ್ನುವವರು ಈಗ 29ಕ್ಕೆ ಬಂದಿದ್ದಾರೆ. ಪತ್ರಿಕೆಗಳು ಇದನ್ನು ಕಾಮಿ ರೀಟಾ ಜೊತೆಗಿನ ಪೈಪೋಟಿ ಅಂತಲೇ ಬರೆಯುತ್ತವೆ. ಇಬ್ಬರೂ ಮುಂದಿನ ವರ್ಷ ಹೋಗುವುದು, ಬಿಡುವುದು ಬುಕಿಂಗ್ ಮೇಲೆ, ಮಂಡಿಯ ಮೇಲೆ. ನಾಳೆ ಆ ಹುಡುಗನಿಗೆ ಬಾಬು ಚಿರಿ ಕಥೆ ಹೇಳಬೇಕು.