ಬ್ಲಾಗಿನ ಗಂಟುಮೂಟೆ

ಶೃಂಗೇರಿ ಹತ್ತಿರದ ನಮ್ಮೂರಲ್ಲಿ ಮಳೆಗಾಲ ಹಿಡಿಯಿತು ಅಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಸೊಪ್ಪು, ಗೆಡ್ಡೆ, ಅಡುಗೆ ಬಗ್ಗೆ ನಾನು ಬರೆದಿಟ್ಟಿದ್ದು ಅಕ್ಕನಿಗೆ ಬೇಕಾಗುವುದೂ ಆಗಲೇ. ಹಾಗಾಗಿ ಇಡೀ ಬ್ಲಾಗನ್ನು ಒಂದು ಝಿಮ್ ಫೈಲ್ (ಇಡೀ ಸೈಟನ್ನು ಒಂದೇ ಗಂಟಾಗಿ ಕಟ್ಟಿಡುವ ಫೈಲ್) ಮಾಡಿ, ಅವಳ ಫೋನಿನಲ್ಲಿ ಕಿವಿಕ್ಸ್ ಹಾಕಿಕೊಡೋಣ ಅಂತ ಕೂತೆ. ಇಡೀ ವಿಕಿಪೀಡಿಯವನ್ನೇ ನೆಟ್ ಇಲ್ಲದೆ ಓದಿಸುವ ಆ್ಯಪ್, ನನ್ನ ಬ್ಲಾಗ್ ಯಾವ ಲೆಕ್ಕ?

ಕಟ್ಟುವುದು ನಿಜಕ್ಕೂ ಸುಲಭ. ಪುಟ, ಚಿತ್ರ ಎಲ್ಲ ಒಂದು ಫೋಲ್ಡರಿನಲ್ಲಿದ್ದರೆ ಅದನ್ನು ಝಿಮ್ ಮಾಡುವ ಝಿಮ್‌ರೈಟರ್‌ಎಫ್‌ಎಸ್‌ಗೆ ಒಂದು ಕಮಾಂಡ್ ಕೊಟ್ಟರಾಯಿತು. ಜೊತೆಗೆ 48x48 ಪಿಕ್ಸೆಲ್ ಅಳತೆಯ ಒಂದು ಐಕಾನ್, 30 ಅಕ್ಷರ ದಾಟದ ಹೆಸರು, 80 ದಾಟದ ವಿವರಣೆ, ಭಾಷೆಗೆ ಮೂರಕ್ಷರದ ಕೋಡ್. ನಾನು ಅಭ್ಯಾಸಬಲದಿಂದ ಎರಡೇ ಅಕ್ಷರ ಹಾಕಿ ಬೈಸಿಕೊಂಡೆ, ಅದು ಬಿಡಿ.

ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಚೆನ್ನಾಗಿ ಕಂಡಿತು. ಸುಮ್ನೆ ವೈಫೈ ಆಫ್ ಮಾಡಿ ನೋಡಿದೆ, ಅರ್ಧ ಚಿತ್ರಗಳು ಮಾಯ! ಡಬ್ಲ್ಯೂಗೆಟ್‌ನಲ್ಲಿ ಸೈಟ್ ಇಳಿಸಿಕೊಂಡಾಗ ಅದು ನನ್ನ ಡೊಮೈನ್ ದಾಟಿ ಹೋಗಿರಲಿಲ್ಲ, ಮಾಯವಾದ ಚಿತ್ರಗಳೆಲ್ಲ ಇದ್ದದ್ದು ಬೇರೆ ಡೊಮೈನಿನಲ್ಲಿ, ಇಷ್ಟು ಹೊತ್ತೂ ಬ್ರೌಸರ್ ಅವನ್ನು ನೆಟ್‌ನಿಂದ ತಂದು ತೋರಿಸುತ್ತಿತ್ತು. ಕನ್ನಡ ಫಾಂಟಿನ ಕಥೆಯೂ ಅದೇ. ಎರಡನ್ನೂ ಫೋಲ್ಡರಿಗೆ ಎಳೆದುಕೊಂಡು ಲಿಂಕ್ ತಿದ್ದಿದೆ. ವಿಡಿಯೊ, ಕಾಮೆಂಟ್ ಡಬ್ಬ, ಶೇರ್ ಬಟನ್ ಎಲ್ಲ ಕಿತ್ತುಹಾಕಿದೆ.

ಫೈಲ್ ಮಾತ್ರ ದೈತ್ಯವಾಗಿತ್ತು. ಝಿಮ್ ಅಕ್ಷರಗಳನ್ನು ಚೆನ್ನಾಗಿ ಹಿಂಡುತ್ತದೆ, ಚಿತ್ರಗಳನ್ನು ಇದ್ದ ಹಾಗೇ ಇಡುತ್ತದೆ. ಅವನ್ನು ಮೊದಲೇ ನಾವೇ ಸಣ್ಣ ಮಾಡಬೇಕು. ಎಲ್ಲವನ್ನೂ 600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಕಡಿಮೆ ಜಾಗ ಹಿಡಿಯುವ ವೆಬ್‌ಪಿ ಮಾಡಿದೆ.

ಜಾಸ್ತಿ ದಿನ ತಿಂದದ್ದು ಹುಡುಕಾಟ. ‘ಪತ್ರೊಡೆ’ (ಕೆಸುವಿನ ಎಲೆಯ ತಿಂಡಿ) ಅಂತ ಹೊಡೆದರೆ ಏನೂ ಬರಲಿಲ್ಲ. ಎರಡು ಕಾರಣ ಇದ್ದವು. ಹುಡುಕುವ ಪಟ್ಟಿಯಲ್ಲಿ ಬರುವುದು ಪ್ರತಿ ಪುಟದ ಟೈಟಲ್ ಟ್ಯಾಗ್, ಅಂದರೆ ಪುಟದ ಕೋಡಿನಲ್ಲಿ ಬರೆದ ಹೆಸರು; ನನ್ನ ಟೆಂಪ್ಲೇಟು ಎಲ್ಲ ಪುಟಕ್ಕೂ ಬ್ಲಾಗಿನ ಹೆಸರನ್ನೇ ಅಂಟಿಸಿತ್ತು. ಇನ್ನೊಂದು, ಹಳೇ ಬರಹಗಳು ಯೂನಿಕೋಡ್ (ಎಲ್ಲ ಕಡೆ ಒಂದೇ ಅಕ್ಷರಸಂಕೇತ) ಬಳಕೆಗೆ ಬರುವುದಕ್ಕೆ ಮುಂಚಿನ ಅಭ್ಯಾಸದಲ್ಲಿ ನುಡಿ ಫಾಂಟಿನಲ್ಲಿ ಹೊಡೆದವು. ಕಣ್ಣಿಗೆ ಕನ್ನಡ, ಒಳಗೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ನನ್ನ ಲ್ಯಾಪ್‌ಟಾಪಿನಲ್ಲಿ ನುಡಿ ಇರುವುದರಿಂದ ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ ನೋಡಿ. ಕನ್ವರ್ಟರಿಗೆ ಹಾಕಿದೆ, ಅರ್ಕಾವತ್ತು ಬಂದ ಕಡೆಯೆಲ್ಲ ಕೈಯಲ್ಲಿ ತಿದ್ದಿದೆ.

ಕೊನೆಗೆ, ಝಿಮ್ ಫೈಲನ್ನು ಪರೀಕ್ಷಿಸುವ ಝಿಮ್‌ಚೆಕ್ ಓಡಿಸಿದೆ, ಮುರಿದ ಲಿಂಕ್ ಇನ್ನೂ ನಾಲ್ಕು ಸಿಕ್ಕವು. ಅವನ್ನೂ ಸರಿಮಾಡಿ ಅಕ್ಕನ ಫೋನಿಗೆ ಹಾಕಿಕೊಟ್ಟೆ. ಪತ್ರೊಡೆ ಮೊದಲನೇ ಸಲಕ್ಕೇ ಸಿಕ್ಕಿತು. ಅವಳು ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿ, ‘ಇದು ಯಾವ ಕೆಸು ಅಂತಲೇ ಕಾಣೋದಿಲ್ವಲ್ಲೋ’ ಅಂದಳು. ಎಲೆಗಳ ಚಿತ್ರ ಮಾತ್ರ ಮತ್ತೆ ದೊಡ್ಡದು ಮಾಡುತ್ತಾ ಕೂತಿದ್ದೇನೆ.