ಕೀ ತೆಗೆದರೂ ನಿಲ್ಲದ ಎಂಜಿನ್: 300ಡಿ ಕೆಲಸ ಎಲ್ಲಿಗೆ ಬಂತು

ಈ ವಾರದಿಂದ ನಮ್ಮ 1982ರ ಮರ್ಸಿಡಿಸ್ 300ಡಿ ಮತ್ತೆ ಕೀ ಆಫ್ ಮಾಡಿದ ಕೂಡಲೇ ನಿಲ್ಲುತ್ತಿದೆ. ಡಬ್ಲ್ಯು123 (ಈ ಕಾರಿನ ಸರಣಿಯ ಹೆಸರು) ಇಟ್ಟುಕೊಂಡವರಿಗೆ ಇವತ್ತಲ್ಲ ನಾಳೆ ಕೀ ತೆಗೆದರೂ ಎಂಜಿನ್ ನಿಲ್ಲದ ತೊಂದರೆ ಬಂದೇ ಬರುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕೀ ಕೈಗೆ ಬಂದ ಮೇಲೂ ಎಂಜಿನ್ ಓಡುತ್ತಲೇ ಇರುತ್ತಿತ್ತು. ಬಾನೆಟ್ ಎತ್ತಿ ‘ಸ್ಟಾಪ್’ ಎಂದು ಬರೆದಿರುವ ಲಿವರ್ ಒತ್ತಿದರೆ ಮಾತ್ರ ನಿಲ್ಲುತ್ತಿತ್ತು. ಒಂದು ಗ್ಯಾರೇಜಿನವರು ಎಂಜಿನ್ನಿಗೆ ಡೀಸೆಲ್ ಕಳಿಸುವ ಇಂಜೆಕ್ಷನ್ ಪಂಪ್ ಇಳಿಸಬೇಕು ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ವಿಲ್ಸನ್ ಗಾರ್ಡನ್ನಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕೇಳಿದೆ. "ಪಂಪ್ ಮುಟ್ಬೇಡಿ ಸಾರ್. ಮೊದ್ಲು ವ್ಯಾಕ್ಯೂಮ್ ಎಲ್ಲಿ ಸೋರ್ತಿದೆ ನೋಡಿ" ಅಂದರು.

ಅವರು ಹಾಗೆ ಹೇಳಿದ್ದಕ್ಕೆ ಕಾರಣವಿದೆ. ವ್ಯಾಕ್ಯೂಮ್ ಅಂದರೆ ಕೊಳವೆಯೊಳಗಿನ ಗಾಳಿಯನ್ನು ಪಂಪ್ ಎಳೆದಾಗ ಉಂಟಾಗುವ ಹೀರುವ ಬಲ. ಈ ಡೀಸೆಲ್ ಎಂಜಿನ್ ಓಡುವುದಕ್ಕೆ ಕರೆಂಟೇ ಬೇಕಿಲ್ಲ. ಕೀ ತಿರುಗಿಸಿದಾಗ ಸ್ಟೀರಿಂಗ್ ಲಾಕಿನ ಹಿಂದಿರುವ ಪುಟ್ಟ ವಾಲ್ವ್ ತೆರೆದು, ಕಂದು ಬಣ್ಣಕ್ಕೆ ನೀಲಿ ಗೆರೆಯಿರುವ ಕೊಳವೆಯ ಮೂಲಕ ವ್ಯಾಕ್ಯೂಮ್ ಇಂಜೆಕ್ಷನ್ ಪಂಪಿನ ಡಯಾಫ್ರಂ (ಹೀರಿದಾಗ ಸರಿಯುವ ರಬ್ಬರ್ ಪೊರೆ) ತಲುಪುತ್ತದೆ. ಆಗ ಡೀಸೆಲ್ ಕಡಿತವಾಗಿ ಎಂಜಿನ್ ನಿಲ್ಲುತ್ತದೆ. ಬ್ರೇಕ್ ಬೂಸ್ಟರ್, ಸೆಂಟ್ರಲ್ ಲಾಕ್, ಆಟೋಮ್ಯಾಟಿಕ್ ಗೇರ್ ಬಾಕ್ಸ್ ಎಲ್ಲದಕ್ಕೂ ವ್ಯಾಕ್ಯೂಮ್ ಕೊಡುವುದು ಎಂಜಿನ್ನಿಗೆ ಹೊಂದಿಕೊಂಡಿರುವ ಒಂದೇ ವ್ಯಾಕ್ಯೂಮ್ ಪಂಪ್. ಒಂದೇ ಓವರ್‌ಹೆಡ್ ಟ್ಯಾಂಕಿನಿಂದ ಇಡೀ ವಠಾರಕ್ಕೆ ನೀರು ಬಿಟ್ಟ ಹಾಗೆ: ಒಂದು ಮನೆಯ ನಲ್ಲಿ ಸೋರಿದರೂ ಉಳಿದವರಿಗೆ ಒತ್ತಡ ಸಾಲುವುದಿಲ್ಲ.

ದಾರಿ ತೋರಿಸಿದ್ದು ಒಂದು ಸಣ್ಣ ಗಮನಿಕೆ. ಒಳಗೆ ಕೂತು ಬಾಗಿಲು ಲಾಕ್ ಮಾಡಿ ಕೀ ತಿರುಗಿಸಿದರೆ ಎಂಜಿನ್ ನಿಲ್ಲುತ್ತಿತ್ತು, ಲಾಕ್ ತೆಗೆದಿದ್ದರೆ ಇಲ್ಲ. ಪ್ರತಿ ಬಾಗಿಲಿನ ಡಯಾಫ್ರಂಗೂ ಎರಡು ಕೊಳವೆಗಳಿವೆ, ಒಂದು ಲಾಕ್ ಹಾಕಲು, ಇನ್ನೊಂದು ತೆಗೆಯಲು. ಅಂದರೆ ಸೋರಿಕೆ ತೆಗೆಯುವ ಬದಿಯಲ್ಲೇ ಇರಬೇಕು. ಮನೆ ಮುಂದೆ ನಿಲ್ಲಿಸಿಕೊಂಡೇ ಲಾಕಿಂಗ್ ಕವಲಿನ ಕೊಳವೆ ಬಿಚ್ಚಿ, ಬಾಯಿಗೆ ಬಿಗಿಯಾಗಿ ಸ್ಕ್ರೂ ತುರುಕಿದೆ. ಎಂಜಿನ್ ತಕ್ಷಣ ನಿಂತಿತು! (ಬಿಚ್ಚಿದ ಬಾಯಿಯನ್ನು ಮುಚ್ಚದೆ ಗಾಡಿಯನ್ನು ರಸ್ತೆಗೆ ಇಳಿಸಲೇಬೇಡಿ. ಬ್ರೇಕಿಗೂ ಅದೇ ವ್ಯಾಕ್ಯೂಮ್.)

ಆಮೇಲೆ ಕೈ ಪಂಪ್ ಮತ್ತು ಗೇಜ್ ಹಿಡಿದು ಒಂದೊಂದೇ ಬಾಗಿಲು, ಡಿಕ್ಕಿ, ಡೀಸೆಲ್ ಮುಚ್ಚಳ ಎಲ್ಲ ಪರೀಕ್ಷಿಸಿದೆ. ಎಡಗಡೆ ಹಿಂದಿನ ಬಾಗಿಲಿನಲ್ಲಿ ಸೂಜಿ ಸರ್ರನೆ ಸೊನ್ನೆಗೆ ಬಿತ್ತು. ಡೋರ್ ಪ್ಯಾಡ್ ಬಿಚ್ಚಿದರೆ ಡಯಾಫ್ರಂನ ರಬ್ಬರ್ ಹರಿದಿತ್ತು. ನಲವತ್ತು ವರ್ಷ ದಾಟಿದ ರಬ್ಬರ್, ಅದರ ಮೇಲೆ ದೂರು ಹೇಳುವಂತಿಲ್ಲ.

ಬೆಂಗಳೂರಿನವರು ಗೇಜ್ ಓದುವಾಗ ಒಂದು ವಿಷಯ ನೆನಪಿಡಬೇಕು. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ, ಇಲ್ಲಿ ಅಂದಾಜು 680. ಎಷ್ಟೇ ಒಳ್ಳೆಯ ಪಂಪ್ ಆದರೂ ಅದನ್ನು ದಾಟಿ ಎಳೆಯಲಾರದು. ಪುಸ್ತಕದ ಅಂಕಿಗಿಂತ ಸ್ವಲ್ಪ ಕಡಿಮೆ ಬಂತೆಂದು ಚೆನ್ನಾಗಿರುವ ಪಂಪ್ ಬದಲಾಯಿಸಬೇಡಿ.

ಜೆ.ಸಿ. ರಸ್ತೆಯಲ್ಲಿ ರಬ್ಬರ್ ಜಾಯಿಂಟುಗಳು ಸಿಕ್ಕವು, ಡಯಾಫ್ರಂ ಸಿಗಲಿಲ್ಲ. ಇದೇ ಮಾದರಿಯ ಕಾರು ಬಿಚ್ಚುತ್ತಿದ್ದ ಪರಿಚಯದವರೊಬ್ಬರು ಒಂದನ್ನು ಕೊಟ್ಟರು. ಗೇಜ್ ಹಾಕಿ ನೋಡಿಯೇ ಕೂರಿಸಿದೆ. ಗಟ್ಟಿಯಾಗಿದ್ದ ಟಿ-ಜಾಯಿಂಟುಗಳನ್ನೂ ಜೊತೆಗೇ ಬದಲಿಸಿದೆ, ಡೋರ್ ಪ್ಯಾಡ್ ಮತ್ತೆ ಮತ್ತೆ ಬಿಚ್ಚಿದರೆ ಕ್ಲಿಪ್ಪುಗಳು ಉಳಿಯುವುದಿಲ್ಲ.

ಇನ್ನೊಂದು ಲಾಭವೂ ಆಯಿತು. ಎರಡರಿಂದ ಮೂರನೇ ಗೇರಿಗೆ ಬೀಳುವಾಗ ಬರುತ್ತಿದ್ದ ಜರ್ಕ್ ತಗ್ಗಿದೆ. ಪೂರ್ತಿ ಹೋಗಿಲ್ಲ. ಮುಂದಿನ ಕೆಲಸ ಗೇರ್ ಬಾಕ್ಸಿನ ಮಾಡ್ಯುಲೇಟರಿಗೆ (ಗೇರ್ ಎಷ್ಟು ಮೆದುವಾಗಿ ಬೀಳಬೇಕೆಂದು ನಿಯಂತ್ರಿಸುವ ಭಾಗ) ಹೋಗುವ ಕೊಳವೆ. ಅಲ್ಲಿಗೆ ಎಷ್ಟು ವ್ಯಾಕ್ಯೂಮ್ ತಲುಪುತ್ತಿದೆ ಎಂದು ಅಳೆದ ಮೇಲೆ ಬರೆಯುತ್ತೇನೆ.