ಕೋಳಿಗೆ ಸೂಜಿ ಯಾರ್ ಚುಚ್ಚತಾರ?
"ಬ್ರಾಯ್ಲರ್ ಬ್ಯಾಡ್ರಿ ಅಣ್ಣಾರ, ಹಾರ್ಮೋನ್ ಚುಚ್ಚಿ ಬೆಳಸ್ತಾರ." ಹಳೇ ಹುಬ್ಬಳ್ಳಿ ಚಿಕನ್ ಅಂಗಡಿ ಮುಂದ ಇವತ್ತೂ ಅದ ಮಾತು. ಅಂಗಡಿಯವ ತಕ್ಕಡಿ ಬಿಟ್ಟು ಕಣ್ ಎತ್ತಲಿಲ್ಲ. "ಸಾವಿರಗಟ್ಲೆ ಕೋಳಿಗೆ ದಿನಾ ಸೂಜಿ ಹಾಕಾಕ ಆಳು ನೀವ ಕಳಸ್ರಿ" ಅಂದ.

ಅಂಗಡಿಯವನ ಮಾತು ಖರೇನ ಐತಿ. ಸುಮಾರು 40 ದಿನದಾಗ 2 ಕೆಜಿ ತೂಗೋದು ತಳಿ ಆಯ್ಕೆ, ಮತ್ತ ನಮ್ಮ ಹಾವೇರಿ ಕಡೆ ಬೆಳಿಯೋ ಗೋವಿನಜೋಳ, ಸೋಯಾ ಹಿಂಡಿಯ ಕರಾಮತ್ತು. ಅನುಮಾನ ಪಡೂದಿದ್ರ ಆಂಟಿಬಯಾಟಿಕ್ ಮ್ಯಾಲ ಪಡ್ರಿ. ಬ್ಯಾರೆ ಔಷಧಾ ನಾಟದ ರೋಗಿಗೆ ಅಂತ ಇಟ್ಟ ಕೊಲಿಸ್ಟಿನ್ ಅನ್ನೋ ಆಂಟಿಬಯಾಟಿಕ್‌ನ ಕೋಳಿ ಮೇವಿಗೂ ಹಾಕ್ತಿದ್ರು. 2019ರಾಗ ಕೇಂದ್ರ ಸರ್ಕಾರ ಬಂದ್ ಮಾಡ್ತು. ಅದರ ಸುದ್ದಿ ಯಾರೂ ಎತ್ತಂಗಿಲ್ಲ.

ಇನ್ನೊಂದು, ಹಸಿ ಚಿಕನ್ ನಳದ ಕೆಳಗ ತೊಳದ್ರ ಕ್ರಿಮಿ ಸಿಂಕ್ ತುಂಬ ಸಿಡೀತಾವ, ಚೊಲೊ ಬೇಯಿಸಿದ್ರ ಸಾಯ್ತಾವ. ಇದನ್ನ ನಮ್ಮವ್ವಗ ಹೇಳೋ ಧೈರ್ಯ ಮಾತ್ರ ನನಗಿಲ್ಲ.